ನಾಲ್ಕು ತಾಲ್ಲೂಕು, ಒಂದು ನೀರಿನ ಲೆಕ್ಕ

ಮೈಸೂರು ಬಿಟ್ಟು ಇಲವಾಲ ದಾಟಿ ಬಿಳಿಕೆರೆ ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ಕೆಮ್ಮಣ್ಣಿನ ಹೊಲಗಳು ಏರಿಳಿಯುತ್ತ ಜೊತೆಗೆ ಬರುತ್ತವೆ. ಏಪ್ರಿಲ್ ತಿಂಗಳ ಕೊನೆ. ಹೊಲಗಳೆಲ್ಲ ಉತ್ತು ಮಳೆಗೆ ಬಿಟ್ಟ ಬೋಳು. ನಡುನಡುವೆ ಎತ್ತರದ ಗೋಡೆಯ, ಕಿಟಕಿಯೇ ಇಲ್ಲದ, ತಂಬಾಕಿನ ಎಲೆ ಹದಮಾಡುವ ಬ್ಯಾರನ್‌ಗಳು ಕೆಲಸವಿಲ್ಲದೆ ನಿಂತಿವೆ. ಹಸಿರು ಎಂಬುದು ಕಾಣಿಸಿದರೆ ಮನೆಯ ಹಿತ್ತಲಲ್ಲೋ ಬೋರ್‌ವೆಲ್ ಪಕ್ಕದಲ್ಲೋ, ಚಾಪೆ ಹಾಸಿದಷ್ಟು ಜಾಗದಲ್ಲಿ. ಅದು ತಂಬಾಕಿನ ಸಸಿಮಡಿ. ಭರಣಿ ಮಳೆ ಬೀಳುವವರೆಗೆ ಅದನ್ನು ಕೈನೀರು ಹಾಕಿ ಸಾಕಬೇಕು.

ಈ ಸೀಮೆಗೆ ಜನ ನಾಗರಹೊಳೆಯ ಆನೆ ನೋಡಲು ಬರುತ್ತಾರೆ, ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧನನ್ನು ನೋಡಲು ಬರುತ್ತಾರೆ. ನಾನು ಹೊರಟಿದ್ದು ನೀರನ್ನು ನೋಡಲು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳು. ಮೋಡಗಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಆದರೆ ನೆಲಕ್ಕೆ ಬಿದ್ದ ಮೇಲೆ ನೀರಿನ ಪಾಡು ಒಂದೊಂದು ಕಡೆ ಒಂದೊಂದು ಥರ. ಈ ನಾಲ್ಕರ ನಡುವೆ ಹುಣಸೂರಿನಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವಿದೆ. ಇಂಥ ಸೀಮೆಯಲ್ಲಿ ಒಂದು ಸಂಶೋಧನಾ ಕೇಂದ್ರ ತನ್ನ ನೀರನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆ ತಲೆಗೆ ಹೊಕ್ಕಿತ್ತು. ಉತ್ತರಕ್ಕೆ ಕೇಂದ್ರದ ಬೇಲಿಯ ಒಳಗಿಗಿಂತ ಹೊರಗೇ ಹೆಚ್ಚು ಸುತ್ತಬೇಕಾಯಿತು.

ಹುಣಸೂರು ಲಕ್ಷ್ಮಣತೀರ್ಥದ ದಂಡೆಯ ಊರು. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪುವಿನಲ್ಲಿ ಧುಮುಕುವ ಹೊಳೆ ಹನಗೋಡು ಅಣೆಕಟ್ಟಿನಲ್ಲಿ ನಾಲೆಗಳಿಗೆ ಒಂದಿಷ್ಟು ಕೊಟ್ಟು, ಪಟ್ಟಣವನ್ನು ಹಾದು, ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಸೇತುವೆಯ ಮೇಲೆ ನಿಂತು ನೋಡಿದರೆ ಹೊಳೆಯ ಪಾತ್ರದಲ್ಲಿ ನೀರಿಗಿಂತ ಜೊಂಡೇ ಜಾಸ್ತಿ. ದೇವರಾಜ ಅರಸರ ಕಲ್ಲಹಳ್ಳಿ ಇದೇ ತಾಲ್ಲೂಕಿನದು. ಅವರು ಮುಖ್ಯಮಂತ್ರಿಯಾಗಿದ್ದಾಗ ಬಂದ ಉಳುವವನೇ ಹೊಲದೊಡೆಯ ಎಂಬ ಕಾನೂನು ನೆಲಕ್ಕೆ ಒಡೆಯನನ್ನು ಕೊಟ್ಟಿತು. ಆ ನೆಲದ ಮೇಲೆ ಬೀಳುವ ನೀರಿಗೆ ಯಾರು ಒಡೆಯರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಇಲ್ಲಿನ ಕೇಂದ್ರ ಆಂಧ್ರದ ರಾಜಮಂಡ್ರಿಯಲ್ಲಿ 1947ರಲ್ಲಿ ಶುರುವಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಶಾಖೆ. ಕರ್ನಾಟಕದ ಹಗುರ ಮಣ್ಣಿಗೆ, ಅಂದರೆ ಮರಳು ಮಿಶ್ರಿತ ಕೆಂಪು ಗೋಡಿಗೆ ಹೊಂದುವ ತಳಿ ಮತ್ತು ಬೇಸಾಯ ಕ್ರಮ ಕಂಡುಹಿಡಿಯುವುದು ಅದರ ಕೆಲಸ. ಸೊರಗು ರೋಗ ತಡೆಯುವ ಎಫ್‌ಸಿಎಚ್ 222 ತಳಿ ಇಲ್ಲಿಯದು. ಆ ಹೆಸರಿನ ಕೊನೆಯ ಅಕ್ಷರವೇ ಹುಣಸೂರನ್ನು ಹೇಳುತ್ತದೆ. ತಂಬಾಕು ಮಂಡಳಿಯ ಲೈಸೆನ್ಸ್, ಕಟ್ಟೆಮಳಲವಾಡಿಯ ಹರಾಜು ಕಟ್ಟೆ, ಬ್ಯಾರನ್‌ಗೆ ಸೌದೆ ಎಂದು ತಂಬಾಕಿನ ಮಾತು ಶುರುವಾದರೆ ಮುಗಿಯುವುದಿಲ್ಲ. ಆ ಎಲ್ಲ ಮಾತಿನಲ್ಲಿ ಹಿಂದೆ ಉಳಿಯುವ ವಿಷಯ ನೀರು.

ಯಾಕೆಂದರೆ ತಂಬಾಕು ಇಲ್ಲಿ ಮಳೆಯಾಶ್ರಿತ ಬೆಳೆ. ಮೇ ತಿಂಗಳಲ್ಲಿ ನೆಟ್ಟು, ಮುಂಗಾರಿನಲ್ಲಿ ಬೆಳೆದು, ಆಷಾಢ ಶ್ರಾವಣದಲ್ಲಿ ಎಲೆ ಮುರಿಯುತ್ತಾರೆ. ಹೊಲಕ್ಕೆ ಹೋದ ಮೇಲೆ ಅದು ಹೆಚ್ಚು ನೀರು ಬೇಡುವುದಿಲ್ಲ. ಬೇಡುವುದು ಮಡಿಯಲ್ಲಿ, ಅದೂ ವರ್ಷದಲ್ಲೇ ನೀರು ಕಡಿಮೆಯಾದ ಮಾರ್ಚ್ ಏಪ್ರಿಲ್‌ನಲ್ಲಿ. ತಂಬಾಕಿನ ಬೀಜ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಹೆಚ್ಚು ಬರುತ್ತದೆ. ಅಷ್ಟು ಸಣ್ಣ ಬೀಜವನ್ನು ಮಣ್ಣಿನೊಳಗೆ ಹುಗಿಯುವಂತಿಲ್ಲ, ಮೇಲೆ ಚೆಲ್ಲಬೇಕು. ಮೇಲ್ಮಣ್ಣು ಒಂದು ಮಧ್ಯಾಹ್ನ ಒಣಗಿದರೂ ಮೊಳಕೆ ಸತ್ತಿತು. ಹಾಗಾಗಿ ಜಲ್ಲಡಿ ಮೂತಿಯ ಕ್ಯಾನ್ ಹಿಡಿದು ದಿನಕ್ಕೆ ಹಲವು ಸಲ ನೀರು ಚಿಮುಕಿಸಬೇಕು. ಈ ಕೆಲಸ ಬಹುಪಾಲು ಹೆಂಗಸರದು. ಬೋರು ಕೈಕೊಟ್ಟ ವರ್ಷ ಕೊಡ ಹೊರುವುದೂ ಅವರೇ.

ಇದಕ್ಕೆ ಕೇಂದ್ರ ತೋರಿಸಿದ ದಾರಿ ಟ್ರೇ ಸಸಿ. ಪುಟ್ಟ ಮಡಿಯಲ್ಲಿ ಮೊಳೆಸಿದ ಎಳೆಯ ಸಸಿಯನ್ನು ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಟ್ರೇಯ ಒಂದೊಂದು ಗುಳಿಗೆ ಒಂದೊಂದರಂತೆ ಕೂರಿಸುವುದು. ಎಕರೆಗೆ ಸುಮಾರು ಏಳೂವರೆ ಸಾವಿರ ಸಸಿ ಬೇಕು. 98 ಗುಳಿಯ ಟ್ರೇಗಳಾದರೆ 77 ಸಾಕು. ಎಲ್ಲ ಜೋಡಿಸಿಟ್ಟರೂ 11 ಚದರ ಮೀಟರ್ ಆಸುಪಾಸು. ಅಷ್ಟು ಜಾಗದ ಮೇಲೆ ದಿನಕ್ಕೆ 10 ಮಿಲಿಮೀಟರ್ ನೀರು ಕೊಟ್ಟರೂ 110 ಲೀಟರ್, ಎಂಟು ಕೊಡ ಇರಬಹುದು. ನೆಲದ ಮಡಿಗೆ ಇದರ ಹಲವು ಪಟ್ಟು ಜಾಗ ಬೇಕು, ಜಾಗಕ್ಕೆ ತಕ್ಕ ನೀರೂ ಬೇಕು. ಇನ್ನೊಂದು ಲಾಭ ನಾಟಿಯ ದಿನ ಕಾಣಿಸುತ್ತದೆ. ಮಡಿಯಿಂದ ಕಿತ್ತ ಸಸಿಯ ಬೇರು ಹರಿದಿರುತ್ತದೆ. ನೆಟ್ಟ ಮೇಲೆ ಮಳೆ ನಾಲ್ಕು ದಿನ ತಡವಾದರೆ ಬಾಡಿ ಮಲಗುತ್ತದೆ. ಟ್ರೇ ಸಸಿ ಬೇರಿನ ಮುದ್ದೆಯ ಸಮೇತ ಹೊಲಕ್ಕೆ ಹೋಗುವುದರಿಂದ ತಡೆದುಕೊಳ್ಳುತ್ತದೆ. ಈಗ ಈ ಭಾಗದ ಹಿತ್ತಲುಗಳಲ್ಲಿ ಟ್ರೇ ಮಾಮೂಲಿ ನೋಟ. ಒಂದು ಸಂಶೋಧನೆ ಗೆದ್ದಿದೆಯೇ ಎಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೂ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಹಿರಿಯ ರೈತರೊಬ್ಬರು ನನ್ನ ಉತ್ಸಾಹಕ್ಕೆ ನೀರು ಬೆರೆಸಿದರು. "ಯಾವ ಸೆಂಟ್ರಿಗಾದ್ರೂ ಹೋಗಿ ನೋಡಿ ಸಾ, ಬೆಳೆ ಚೆನ್ನಾಗೇ ಇರ್ತದೆ. ಅವ್ರ್ ತಾವ ಬೋರ್ ಅದೆ, ಕರೆಂಟ್ ಅದೆ, ಆಳು ಅದೆ. ಬೇಕಾದಾಗ ಮೋಟ್ರು ಹಾಕ್ತಾರೆ. ನಮ್ಗೆ ಭರಣಿ ಬಂದ್ರೆ ಉಂಟು, ಬರ್ದಿದ್ರೆ ಇಲ್ಲ. ಆ ಇಳುವರಿ ನಮ್ ಹೊಲ್ದಲ್ಲಿ ಹೆಂಗ್ ಬಂದಾತು ಹೇಳಿ?" ಎಂದರು. ಪಕ್ಕದಲ್ಲಿ ಕೂತಿದ್ದವರು ತಲೆಯಾಡಿಸಿದರು. ಅದು ಹುಣಸೂರಿನದೊಂದೇ ಮಾತಲ್ಲ. ರಾಜ್ಯದ ಯಾವ ಕೃಷಿ ಮೇಳದಲ್ಲಾದರೂ ಕಿವಿಗೆ ಬೀಳುವ ಮಾತು. ಕೇಂದ್ರದ ಶಿಫಾರಸನ್ನು ರೈತ ಅನುಮಾನಿಸುವುದು ವಿಜ್ಞಾನದ ಮೇಲಿನ ಸಿಟ್ಟಿಗಲ್ಲ, ಅಲ್ಲಿನ ಮೋಟರಿನ ಮೇಲಿನ ಸಂಶಯಕ್ಕೆ. ಮುಂದಿನ ಮೂರು ತಾಲ್ಲೂಕು ಸುತ್ತುವಾಗಲೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಪಿರಿಯಾಪಟ್ಟಣದ ದಾರಿಯಲ್ಲಿ ನೋಟ ಬದಲಾಯಿತು. ಬೋಳು ಹೊಲಗಳ ನಡುವೆ ಇದ್ದಕ್ಕಿದ್ದಂತೆ ಸ್ಪ್ರಿಂಕ್ಲರ್‌ಗಳು ತಿರುಗುತ್ತಿದ್ದವು. ಎತ್ತರಿಸಿದ ಪಾತಿ, ಪಾತಿಯ ಮೇಲೆ ಹುಲ್ಲಿನ ಹೊದಿಕೆ, ಅದರಡಿ ಈಗಷ್ಟೇ ಮೊಳೆಯುತ್ತಿರುವ ಶುಂಠಿ. ಶುಂಠಿ ಎಂಟು ಒಂಬತ್ತು ತಿಂಗಳ ಬೆಳೆ. ಮುಂಗಾರು ಕೂಡಿಕೊಳ್ಳುವವರೆಗೆ ಅದು ಪೂರ್ತಿ ಕೊಳವೆಬಾವಿಯ ಕೂಸು. ದರ ಬಂದ ವರ್ಷ ಮನೆ ಕಟ್ಟಿಸುತ್ತದೆ, ಕೊಳೆರೋಗ ಬಿದ್ದ ವರ್ಷ ಕಟ್ಟಿಸಿದ ಮನೆಯನ್ನೇ ಅಡ ಇಡಿಸುತ್ತದೆ. ಗುತ್ತಿಗೆಗೆ ನೆಲ ಹಿಡಿದು ಶುಂಠಿ ಹಾಕುವವರು ಬೆಳೆ ಕಿತ್ತ ಮೇಲೆ ಬೇರೆ ಹೊಲ ಹುಡುಕಿಕೊಂಡು ಹೋಗುತ್ತಾರೆ. ಬತ್ತಿದ ಬೋರು ಮಾತ್ರ ನೆಲದ ಯಜಮಾನನಿಗೇ ಉಳಿಯುತ್ತದೆ. ಈ ಸೀಮೆಯ ಅಡಿಯಲ್ಲಿ ಇರುವುದು ಗಟ್ಟಿ ಶಿಲೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಅದು ಬರಿದಾದರೆ ಆಳಕ್ಕೆ ಕೊರೆದಷ್ಟೂ ದೂಳೇ ಬರುತ್ತದೆ.

ಇಲ್ಲಿ ತಂಬಾಕಿನ ಕಥೆಗೆ ಹೊಸ ತಿರುವು ಸಿಗುತ್ತದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಬೆಳೆಗಾರರಿಗೆ ಬದಲಿ ಬದುಕು ತೋರಿಸಬೇಕು ಎಂಬುದು ಅದರ ಒಂದು ಅಂಶ. ರಾಜಮಂಡ್ರಿಯ ಸಂಸ್ಥೆಯೂ ಈಚೆಗೆ ರಾಷ್ಟ್ರೀಯ ವಾಣಿಜ್ಯ ಕೃಷಿ ಸಂಶೋಧನಾ ಸಂಸ್ಥೆ ಎಂದು ಹೆಸರು ಬದಲಿಸಿಕೊಂಡು ಅರಿಸಿನ, ಮೆಣಸಿನಕಾಯಿ, ಹರಳಿನಂಥ ಬೆಳೆಗಳತ್ತಲೂ ಕೈ ಚಾಚಿದೆ. ಒಳ್ಳೆಯದೇ. ಆದರೆ ಮಳೆಯಲ್ಲೇ ಬೆಳೆಯುವ ಹೊಗೆಸೊಪ್ಪನ್ನು ಬಿಟ್ಟ ರೈತ ಬೋರಿನ ನೀರು ಕುಡಿಯುವ ಶುಂಠಿಗೋ ಬಾಳೆಗೋ ಹೋದರೆ, ಶ್ವಾಸಕೋಶ ಉಳಿಸಲು ಹೋಗಿ ಅಂತರ್ಜಲ ಕಳೆದುಕೊಂಡಂತೆ ಆಗುತ್ತದೆ. ಬದಲಿ ಬೆಳೆಯ ಪಟ್ಟಿ ಮಾಡುವಾಗ ಎಕರೆಗೆ ಎಷ್ಟು ಲಾಭ ಎಂಬ ಕಾಲಮ್ಮಿನ ಪಕ್ಕದಲ್ಲಿ ಎಕರೆಗೆ ಎಷ್ಟು ನೀರು, ಯಾವ ತಿಂಗಳಲ್ಲಿ ಎಂಬ ಕಾಲಮ್ಮೂ ಇರಲೇಬೇಕು. ಆ ಕಾಲಮ್ಮನ್ನು ಅಳೆದು ತುಂಬಬೇಕಾದವರು ಸಂಶೋಧನಾ ಕೇಂದ್ರದವರು.

ಪಿರಿಯಾಪಟ್ಟಣಕ್ಕೆ ಹಾರಂಗಿಯ ನಾಲೆ ಒಂದಿಷ್ಟು ನೀರು ತರುತ್ತದೆ. ಮುತ್ತಿನಮುಳ್ಳುಸೋಗೆಯ ಬಳಿ ಕಾವೇರಿಯಿಂದ ನೀರೆತ್ತಿ ತಾಲ್ಲೂಕಿನ 150 ಕೆರೆಗಳನ್ನು ತುಂಬಿಸುವ ಯೋಜನೆಯನ್ನೂ ಸರ್ಕಾರ ಕೈಗೆತ್ತಿಕೊಂಡಿತು. ಕೆರೆ ತುಂಬಿದರೆ ಸುತ್ತಲ ಬೋರುಗಳು ಉಸಿರಾಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆಗೆ ನೀರು ಬರಬೇಕಾದ ಹಳ್ಳಗಳು ಮುಚ್ಚಿ ಹೋಗಿ, ಏರಿಯ ಹಿಂದೆ ಹೂಳು ತುಂಬಿದ್ದರೆ ಪಂಪಿನ ನೀರು ಎಷ್ಟು ದಿನ ನಿಂತೀತು? ಆ ಹೂಳೇ ಹೊಲಕ್ಕೆ ಚಿನ್ನ. ನೀರು ಹಿಡಿದಿಡಲಾರದ ಈ ಮರಳುಗೆಂಪಿಗೆ ಕೆರೆಗೋಡು ಹೊಡೆಯುವುದು ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ವಿದ್ಯೆ. ಮುಂಗಾರುಪೂರ್ವ ಮಳೆಗೆ ಸೆಣಬು ಚೆಲ್ಲಿ, ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರದ ಶಿಫಾರಸೂ ಅದೇ ಜಾತಿಯದು. ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿದಷ್ಟೂ ಎರಡು ಮಳೆಗಳ ನಡುವಿನ ಒಣ ದಿನಗಳನ್ನು ಬೆಳೆ ತಾಳಿಕೊಳ್ಳುತ್ತದೆ. ಪೈಪು, ಪಂಪುಗಳಿಗೆ ಖರ್ಚು ಮಾಡುವ ಮೊದಲು ಮಾಡಬೇಕಾದ ಕೆಲಸ ಇದು.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಎಡಕ್ಕೋ ಬಲಕ್ಕೋ ಬಿಟ್ಟು ಸಾಲಿಗ್ರಾಮದ ಕಡೆ ಇಳಿದರೆ ಲೋಕವೇ ಬೇರೆ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುತ್ತಾಳೆ, ಬೇಸಿಗೆಯಾದ್ದರಿಂದ ಸದ್ದು ಕಡಿಮೆ. ಕೆ.ಆರ್. ನಗರ ಸೀಮೆ ಚಾಮರಾಜ, ಮಿರ್ಲೆ ನಾಲೆಗಳ ಸೀಮೆ. ಗದ್ದೆಬಯಲು, ತೆಂಗಿನ ಸಾಲು, ಅಕ್ಕಿ ಗಿರಣಿ. ಕೆಲವೇ ಮೈಲಿ ಹಿಂದೆ ಹನಿ ಲೆಕ್ಕ ಹಾಕುತ್ತಿದ್ದವರ ನಡುವಿನಿಂದ ಬಂದವನಿಗೆ ಇಲ್ಲಿನ ಮಾತಿನ ವರಸೆ ಬೇರೆಯೇ ಕೇಳಿಸಿತು. ನೀರು ಯಾವಾಗ ಬಿಡುತ್ತಾರೆ, ತೂಬು ಯಾರು ತೆಗೆದರು, ನೀರುಗಂಟಿ ಯಾಕೆ ಬರಲಿಲ್ಲ, ಕೊನೆಯಂಚಿನವರಿಗೆ ಯಾಕೆ ಮುಟ್ಟಲಿಲ್ಲ. ಮಳೆಯ ಕಡೆಯವನು ಆಕಾಶ ನೋಡುತ್ತಾನೆ, ನಾಲೆಯ ಕಡೆಯವನು ಕಚೇರಿ ನೋಡುತ್ತಾನೆ.

ಭತ್ತದ ನೀರಿನ ಲೆಕ್ಕ ದೊಡ್ಡದು. ನಿಂತ ನೀರಿನಲ್ಲಿ ಬೆಳೆದ ಒಂದು ಕಿಲೋ ಭತ್ತಕ್ಕೆ ಸರಾಸರಿ 2,500 ಲೀಟರ್ ನೀರು ಬೇಕು ಎಂಬುದು ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜು. ಇದಕ್ಕೆ ಪರ್ಯಾಯವೂ ನಮ್ಮಲ್ಲೇ ಹುಟ್ಟಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರ ತಂಡ ರೂಪಿಸಿದ ಏರೋಬಿಕ್ ಭತ್ತದ ತಳಿ ಎಂಎಎಸ್ 946–1, 'ಶಾರದ' ಎಂಬ ಹೆಸರಿನಲ್ಲಿ 2007ರಲ್ಲಿ ಬಿಡುಗಡೆಯಾಯಿತು. ರಾಗಿಯ ಹಾಗೆ ಒಣಭೂಮಿಗೆ ನೇರ ಬಿತ್ತಿ, ನೀರು ನಿಲ್ಲಿಸದೆ ಬೆಳೆಯುವ ಭತ್ತ ಅದು. ನೀರು ಅರ್ಧದಷ್ಟು ಉಳಿಯುತ್ತದೆ. ಹಾಗಿದ್ದರೂ ನಾಲೆಯ ಬಯಲುಗಳಲ್ಲಿ ಕೆಸರುಗದ್ದೆಯೇ ರೂಢಿ. ಕಾರಣ ಕಷ್ಟದ್ದೇನಲ್ಲ. ನಿಂತ ನೀರು ಕಳೆಯನ್ನು ತಡೆಯುತ್ತದೆ. ನೀರು ತೆಗೆದರೆ ಕಳೆ ಕೀಳುವ ಕೂಲಿ ರೈತನ ತಲೆಗೆ. ಅವನು ಉಳಿಸಿದ ನೀರಿಗೆ ಅವನಿಗೆ ಕವಡೆ ಕಾಸೂ ಸಿಗುವುದಿಲ್ಲ. ಉಳಿತಾಯ ಕಣ್ಣಿಗೆ ಕಾಣದೆ ಕೆಳಗಿನ ಹೊಳೆಗೆ ಹೋಗುತ್ತದೆ. ವಿಶ್ವೇಶ್ವರಯ್ಯನವರು ದಖ್ಖನ್ನಿನ ನಾಲೆಗಳಿಗೆಂದು ಯೋಚಿಸಿದ ಬ್ಲಾಕ್ ಪದ್ಧತಿಯ ತಿರುಳು ಇದೇ ಆಗಿತ್ತು: ಎಷ್ಟು ನೆಲಕ್ಕೆ ಯಾವ ಬೆಳೆಗೆ ಎಷ್ಟು ನೀರು ಎಂದು ಮೊದಲೇ ಗೊತ್ತುಮಾಡದಿದ್ದರೆ ಮೇಲಿನವನು ಮುಳುಗಿಸಿಕೊಳ್ಳುತ್ತಾನೆ, ಕೆಳಗಿನವನು ಒಣಗುತ್ತಾನೆ.

2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು 284.75 ಟಿಎಂಸಿ ಅಡಿ ಎಂದು ನಿಗದಿ ಮಾಡಿತು. ಪಾಲು ಹೆಚ್ಚಿಸಿಕೊಳ್ಳುವ ಜಗಳಕ್ಕೆ ಇನ್ನು ಜಾಗ ಕಡಿಮೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ನಾಲೆಯ ಮೇಲಿನವರಿಗೂ ಮಳೆಯ ಕಡೆಯವರ ಕಷ್ಟ ಏನೆಂದು ಗೊತ್ತಾಯಿತು. ಇರುವ ಪಾಲಿನಲ್ಲೇ ಬದುಕುವ ಬೇಸಾಯವನ್ನು ಕಲಿಸಬೇಕಾದ ಹೊಣೆ ಈಗ ನ್ಯಾಯಾಲಯದ್ದಲ್ಲ, ಕೃಷಿ ವಿಜ್ಞಾನದ್ದು.

ಎಚ್.ಡಿ. ಕೋಟೆಗೆ ಹುಣಸೂರಿನ ಮೇಲೆಯೇ ಮತ್ತೆ ಹೋಗಬೇಕು. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿರುವ ಸೀಮೆ ಅದು. ನುಗು ಈಗ ಹೊಸ ಸರಗೂರು ತಾಲ್ಲೂಕಿಗೆ ಸೇರಿದೆ. ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯೊಂದೇ 19.52 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಈ ಅಂಕಿ ಕೇಳಿದವರು ಕೋಟೆಯನ್ನು ನೀರಿನ ಕಣಜ ಎಂದುಕೊಳ್ಳಬೇಕು. ಆದರೆ ನೀರು ಕೆಳಕ್ಕೆ ಹರಿಯುತ್ತದೆ, ಹಳ್ಳಿಗಳು ಮೇಲೆ ಕೂತಿವೆ. ಜಲಾಶಯದ ದಡದ ಎತ್ತರದ ಹೊಲಗಳಲ್ಲಿ ಹತ್ತಿ, ರಾಗಿ, ತಂಬಾಕು ಮಳೆಯನ್ನೇ ನಂಬಿವೆ. ಮುಳುಗಡೆಯಲ್ಲಿ ನೆಲ ಕಳೆದುಕೊಂಡವರೂ, ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳೂ ಇಲ್ಲೇ. ಕಣ್ಣೆದುರು ಸಮುದ್ರದಂತೆ ಹರಡಿದ ನೀರು ಇದ್ದೂ ಟ್ಯಾಂಕರಿಗೆ ಕಾಯುವ ಊರನ್ನು ನೋಡಿದರೆ, ದೊಡ್ಡ ಅಣೆಕಟ್ಟೆ ಕಟ್ಟಿದ ಮಾತ್ರಕ್ಕೆ ನೀರಿನ ಸಮಸ್ಯೆ ತೀರುವುದಿಲ್ಲ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಹಾಗಾಗಿ ಇಲ್ಲಿ ಲೆಕ್ಕ ಹೊಲದಿಂದಲೇ ಶುರುವಾಗಬೇಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್. ಜಿಲ್ಲೆಯ ಸರಾಸರಿ ಮಳೆ 800 ಮಿಲಿಮೀಟರ್ ಆಸುಪಾಸು. ಅಂದರೆ ಎಕರೆಗೆ 32 ಲಕ್ಷ ಲೀಟರ್. ಅದರಲ್ಲಿ ಹತ್ತರಲ್ಲೊಂದು ಪಾಲು ಹರಿದು ಹೋಗುತ್ತದೆ ಎಂದಿಟ್ಟುಕೊಂಡರೂ ಮೂರು ಲಕ್ಷಕ್ಕೆ ಮೇಲೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡಕ್ಕೆ ಅವಕಾಶವಿದೆ. ಅಂಚನ್ನು ಇಳಿಜಾರು ಮಾಡಿ ತೋಡಿದರೆ ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಮೂರು ಎಕರೆಯ ಹರಿವು ಹೊಂಡವನ್ನು ತುಂಬಿಸುತ್ತದೆ. ಇದರಲ್ಲಿ ತೊಡಕೂ ಇದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಆ ಹೊಂಡ ಪ್ರತಿದಿನ 2,200 ಲೀಟರ್ ಬಿಸಿಲಿಗೆ ಕೊಡುತ್ತದೆ. ನೆರಳುಬಲೆ ಬೇಕು. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕಾಲು ಜಾರಿದರೆ ಮಕ್ಕಳಿಗೂ ದನಕ್ಕೂ ಮೇಲೆ ಬರಲಾಗದು. ಬೇಲಿ ಬೇಕು, ದಡಕ್ಕೆ ಕಟ್ಟಿದ ಹಗ್ಗ ಬೇಕು. ಕಾಡಂಚಿನಲ್ಲಿ ಆನೆಯ ಯೋಚನೆಯನ್ನೂ ಮಾಡಬೇಕು. ಹೊಂಡ ತೋಡಿಸುವವರು ಇವನ್ನೆಲ್ಲ ಆಮೇಲೆ ನೋಡೋಣ ಎಂದರೆ ಆಗದು.

ಹೋಟೆಲಿನ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಸಂಶೋಧನಾ ಕೇಂದ್ರವೊಂದು ಹೊಂಡ ತೋಡಿಸಿ, ಹನಿ ನೀರಾವರಿ ಹಾಕಿಸಿ, ಮಣ್ಣಿನ ಕಾಲುವೆಯ ಜಾಗಕ್ಕೆ ಪೈಪು ಎಳೆಸಿದರೆ ಅದರ ಕರೆಂಟ್ ಬಿಲ್ ಕಡಿಮೆಯಾಗುತ್ತದೆ, ಸಂತೋಷ. ಆದರೆ ನಿಜವಾದ ಗಳಿಕೆ ಅದಲ್ಲ. ತನ್ನ ಬೇಲಿಯೊಳಗೆ ಬಿದ್ದ ಮಳೆಯಲ್ಲೇ ಬೆಳೆ ತೆಗೆದು ತೋರಿಸಿದ ದಿನ ಆ ಕೇಂದ್ರದ ಮಾತಿಗೆ ತೂಕ ಬರುತ್ತದೆ. ಕಚೇರಿ, ಗೋದಾಮು, ಬ್ಯಾರನ್‌ಗಳ ಚಾವಣಿ ಸೇರಿ 1,000 ಚದರ ಮೀಟರ್ ಇದ್ದರೆ, 800 ಮಿಲಿಮೀಟರ್ ಮಳೆಯಲ್ಲಿ ಐದನೇ ಒಂದು ಪಾಲು ನಷ್ಟವಾದರೂ 6.4 ಲಕ್ಷ ಲೀಟರ್ ಸಿಗುತ್ತದೆ. ಹಿಂದಿನ ಲೆಕ್ಕದಂತೆ ಎಕರೆಯ ಟ್ರೇ ಸಸಿಗೆ ತಿಂಗಳಿಗೆ ಬೇಕಾದದ್ದು 3,300 ಲೀಟರ್. ಹಿಡಿದಿಡುವ ತೊಟ್ಟಿಯಿದ್ದರೆ ಇಡೀ ಸಸಿಮಡಿಯನ್ನು ಒಂದು ಹನಿ ಬೋರ್ ನೀರಿಲ್ಲದೆ ಚಾವಣಿ ನೀರಿನಲ್ಲೇ ಸಾಕಬಹುದು.

ಇದು ಬರೀ ಆಸೆಯಲ್ಲ. ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ಎರಡು ಬಗೆಯ ಬೇಸಾಯವನ್ನು ಅಕ್ಕಪಕ್ಕದಲ್ಲಿ ಮಳೆಯಲ್ಲೇ ನಡೆಸಿಕೊಂಡು ಬಂದಿತು. ಹರಿವಿಗೆ ಅಡ್ಡವಾಗಿ ಏರುಪಾತಿ, ಸುಧಾರಿತ ತಳಿ, ಬೆಳೆ ಜೋಡಣೆ ಇದ್ದ ಹೊಲದಲ್ಲಿ ಹೆಕ್ಟೇರಿಗೆ ಸರಾಸರಿ 5.1 ಟನ್ ಧಾನ್ಯ ಬಂದರೆ, ಹಳೆಯ ಕ್ರಮದಲ್ಲಿ 1.1 ಟನ್. ಅದು ಕರಿಮಣ್ಣು, ನಮ್ಮದು ಕೆಂಪು. ಅಂಕಿಯನ್ನು ಹಾಗೆಯೇ ಎತ್ತಿ ತರಲಾಗದು. ಆದರೆ ಕ್ರಮವನ್ನು ತರಬಹುದು. ಒಂದೇ ಮಳೆ, ಎರಡು ಹೊಲ, ಮೂವತ್ತು ವರ್ಷದ ಲೆಕ್ಕ. ಅಂಥ ಲೆಕ್ಕದ ಎದುರು ಯಾವ ರೈತನೂ ಮೋಟರಿನ ಮಾತೆತ್ತುವುದಿಲ್ಲ.

ಹುಣಸೂರಿನಂಥ ಕೇಂದ್ರಗಳಲ್ಲಿ ತಳಿಯ ಹೆಸರು, ಬಿತ್ತಿದ ದಿನ, ಗೊಬ್ಬರದ ಪ್ರಮಾಣ ಬರೆದ ಫಲಕವನ್ನು ತಾಕಿನ ಮುಂದೆ ನೆಡುವುದು ವಾಡಿಕೆ. ಅದೇ ಫಲಕದಲ್ಲಿ ಇನ್ನೊಂದು ಸಾಲು ಸೇರಲಿ: ಈ ತಾಕಿಗೆ ಬಿದ್ದ ಮಳೆ ಇಷ್ಟು, ನಾವು ಕೊಟ್ಟ ನೀರು ಇಷ್ಟು ಲೀಟರ್, ಅದು ಬಂದದ್ದು ಹೊಂಡದಿಂದಲೋ ಬೋರಿನಿಂದಲೋ. ಇದಕ್ಕೆ ಬೇಕಾದದ್ದು ಒಂದು ಮಳೆಮಾಪಕ, ಪೈಪಿಗೊಂದು ಮೀಟರು, ಬರೆಯುವ ಶಿಸ್ತು. ರೈತರಿಗೂ ಒಂದು ಮಾತು. ಮುಂದಿನ ಸಲ ಕ್ಷೇತ್ರೋತ್ಸವಕ್ಕೆ ಕರೆದಾಗ ತಪ್ಪದೆ ಹೋಗಿ. ಇಳುವರಿ ಎಷ್ಟು ಎಂದು ಕೇಳುವ ಮೊದಲು ನೀರು ಎಷ್ಟು ಎಂದು ಕೇಳಿ. ಉತ್ತರವನ್ನು ಫಲಕದ ಮೇಲೆ ಬರೆಯುವ ತನಕ ಕೇಳುವುದನ್ನು ಬಿಡಬೇಡಿ.